ಕರಪತ್ರದ ದುಡ್ಡು ಯಾರದ್ದು?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಒಂದು ರಿಲೀಸು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು... ಕಾರಣ ಹೇಳ್ತಾ ಹೋದರೆ ಅದೇ ಒಂದು ಬರಹ ಆಗತ್ತೆ, ಬಿಡಿ.

ಹೋದ ವರ್ಷ ಕಂಪನಿ ಕೆಲಸದ ಮೇಲೆ ನಾಲ್ಕು ತಿಂಗಳು ಡಬ್ಲಿನ್ನಿನಲ್ಲಿದ್ದೆ. ಒಂದು ಶನಿವಾರ ಮಧ್ಯಾಹ್ನ ಓ'ಕಾನೆಲ್ ಸ್ಟ್ರೀಟಿನಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಾಗ, ರಸ್ತೆ ಬದಿಯಲ್ಲಿ ಮೇಜು ಹಾಕಿಕೊಂಡು ನಿಂತಿದ್ದ ಒಬ್ಬ ಹೆಂಗಸು ಕೈಗೆ ಕರಪತ್ರ ಕೊಟ್ಟಳು. ಗರ್ಭಪಾತ ವಿರೋಧಿ ಸಂಘಟನೆಯೊಂದರದ್ದು. ಮುಂಬದಿಯಲ್ಲಿ ಹೊಟ್ಟೆಯೊಳಗಿನ ಮಗುವಿನ ಚಿತ್ರ. ಹಿಂಬದಿಯಲ್ಲಿ ದೇಣಿಗೆಯ ಫಾರ್ಮು: ತಿಂಗಳಿಗೆ ಎಷ್ಟು ಕೊಡ್ತೀರಿ, ಬ್ಯಾಂಕ್ ಖಾತೆ ಯಾವುದು, ಸಹಿ. ಹೆಂಗಸು ಬಹಳ ಒಳ್ಳೆಯವಳು, ನಮ್ಮ ಅತ್ತೆಯ ವಯಸ್ಸು. ಎಲ್ಲಿಯವನು ಅಂತ ಕೇಳಿದಳು. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ ಅಂತ ಕೇಳಿದ್ದರೆ ಧಾರವಾಡ ಅನ್ನುತ್ತಿದ್ದೆ, ಅಲ್ಲಿಂದ ಬೆಳಗಾವಿಗೆ ಒಂದೂವರೆ ತಾಸಿನ ದಾರಿ ಅಂತಲೂ ಹೇಳುತ್ತಿದ್ದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಬೆಳಗಾವಿ ಅಂದರೆ ಯಾಕೆ ಅಂತ ಗೊತ್ತಲ್ಲ. ಸವಿತಾ ಹಾಲಪ್ಪನವರ್. ದಂತವೈದ್ಯೆ, ವಯಸ್ಸು 31, ಹದಿನೇಳು ವಾರದ ಬಸುರಿ. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಗಾಲ್ವೇ ಊರಿನ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯುವುದಿಲ್ಲ ಅಂತ ಡಾಕ್ಟರುಗಳೇ ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಅಂತ ಕೇಳಿದರೆ, ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಕಾನೂನು ಒಪ್ಪುವುದಿಲ್ಲ ಅಂದರು. ಅಷ್ಟರಲ್ಲಿ ಸೋಂಕು ರಕ್ತಕ್ಕೇರಿತು. ಅಕ್ಟೋಬರ್ 28ಕ್ಕೆ ಹೋಗಿಬಿಟ್ಟರು. ನಾನಾಗ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಟಿವಿ ನೋಡ್ತಾ ಅವ್ವ ಹೇಳಿದ್ದು ಇನ್ನೂ ನೆನಪಿದೆ: "ಅಲ್ಲ, ಆಕಿ ತಾನ ಡಾಕ್ಟರ್ ಅಂತ. ಡಾಕ್ಟರಿಗೇ ಹಿಂಗಾದ್ರ ಉಳದವ್ರ ಗತಿ ಏನು?" ನಮ್ಮಲ್ಲಿ 1971ರಿಂದಲೇ ಇದಕ್ಕೆ ಕಾನೂನಿದೆ. ಬೆಳಗಾವಿಯ ಯಾವುದೇ ಆಸ್ಪತ್ರೆಯಲ್ಲಿ ಅವತ್ತೇ ಮುಗಿಯುತ್ತಿದ್ದ ಕೆಲಸ ಅದು.

ರೂಮಿಗೆ ಬಂದು ಕರಪತ್ರವನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟೆ. ತಲೆಯೊಳಗೆ ಹುಳ ಬಿಟ್ಟುಕೊಂಡೆ: ಈ ಕಾಗದ, ಈ ಬಣ್ಣ, ಈ ಮೇಜು, ಇದಕ್ಕೆಲ್ಲ ದುಡ್ಡು ಯಾರದ್ದು? ಮುಂದಿನ ಕೆಲವು ವಾರಾಂತ್ಯ ಅದನ್ನೇ ಓದಿದೆ. ಓದಿದ್ದರಲ್ಲಿ ಖಚಿತ ಅನ್ನಿಸಿದ್ದನ್ನಷ್ಟೇ ಬರೀತಿದೀನಿ.

ಮೊದಲು ಸ್ವಲ್ಪ ಹಿಂದಕ್ಕೆ. ಐರ್ಲೆಂಡಿನಲ್ಲಿ ಗರ್ಭಪಾತ 1861ರ ಬ್ರಿಟಿಷ್ ಕಾಯ್ದೆಯ ಕಾಲದಿಂದಲೇ ಅಪರಾಧ. ಆದರೆ ಕಾಯ್ದೆಯನ್ನು ಸಂಸತ್ತು ಬದಲಾಯಿಸಬಹುದು, ಕೋರ್ಟು ರದ್ದು ಮಾಡಬಹುದು. ಅಮೆರಿಕದಲ್ಲಿ ಆದ ಹಾಗೆ ಇಲ್ಲೂ ಆದರೆ? ಆ ಭಯಕ್ಕೆ 1981ರಲ್ಲಿ ಪ್ರೊ-ಲೈಫ್ ಅಮೆಂಡ್‌ಮೆಂಟ್ ಕ್ಯಾಂಪೇನ್ ಅನ್ನುವ ಒಕ್ಕೂಟ ಹುಟ್ಟಿತು. ಆಗ ಹದಿನೆಂಟು ತಿಂಗಳಲ್ಲಿ ಮೂರು ಚುನಾವಣೆ. ದೊಡ್ಡ ಪಕ್ಷಗಳ ಇಬ್ಬರು ನಾಯಕರಿಂದಲೂ ಮಾತು ತೆಗೆದುಕೊಂಡರು. 1983ರ ಸೆಪ್ಟೆಂಬರ್ 7ಕ್ಕೆ ಜನಮತಗಣನೆ ಆಗಿ, ಹುಟ್ಟದ ಮಗುವಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಅನ್ನುವ ಎಂಟನೇ ತಿದ್ದುಪಡಿ ಸಂವಿಧಾನದೊಳಗೆ ಹೋಯಿತು. ಪರವಾಗಿ ಶೇಕಡಾ 66.9. ಎರಡು ವರ್ಷದಲ್ಲಿ ಒಂದು ಒತ್ತಡ ಗುಂಪು ಒಂದು ದೇಶದ ಸಂವಿಧಾನವನ್ನೇ ತಿದ್ದಿಸಿತು. ಒಪ್ಪಿದರೂ ಒಪ್ಪದಿದ್ದರೂ, ಸಂಘಟನೆ ಕಟ್ಟುವುದನ್ನು ಅವರನ್ನು ನೋಡಿ ಕಲೀಬೇಕು.

ಗರ್ಭಪಾತ ನಿಂತಿತಾ? ಇಲ್ಲ, ಹಡಗು ಹತ್ತಿತು. ಐರಿಷ್ ವಿಳಾಸ ಕೊಟ್ಟು ಇಂಗ್ಲೆಂಡಿನಲ್ಲಿ ಗರ್ಭಪಾತ ಮಾಡಿಸಿಕೊಂಡವರು 2001 ಒಂದೇ ವರ್ಷದಲ್ಲಿ 6,673 ಮಂದಿ.

ನಾನು ಹೇಳಹೊರಟ ಗುಂಪು ಇದರ ಮುಂದಿನ ಪೀಳಿಗೆಯದು: ಯೂತ್ ಡಿಫೆನ್ಸ್. 1992ರಲ್ಲಿ ಹುಟ್ಟಿತು. ಆ ವರ್ಷ ಅತ್ಯಾಚಾರದಿಂದ ಬಸುರಾದ 14 ವರ್ಷದ ಹುಡುಗಿಯೊಬ್ಬಳು ಇಂಗ್ಲೆಂಡಿಗೆ ಹೋಗದಂತೆ ಸರ್ಕಾರವೇ ಕೋರ್ಟಿನಿಂದ ತಡೆ ತಂದಿತ್ತು. ಅವಳು ಆತ್ಮಹತ್ಯೆ ಮಾಡಿಕೊಳ್ಳುವ ಅಪಾಯವಿದೆ, ಅದೂ ಜೀವಕ್ಕೆ ಅಪಾಯವೇ, ಆದ್ದರಿಂದ ಗರ್ಭಪಾತಕ್ಕೆ ಅವಕಾಶವಿದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಳಬರು ತಲೆ ಮೇಲೆ ಕೈ ಹೊತ್ತು ಕೂತಾಗ ಡಬ್ಲಿನ್ನಿನ ಕೆಲವು ಹುಡುಗ ಹುಡುಗಿಯರು ಬೀದಿಗಿಳಿದರು. ಹಳಬರದ್ದು ವಕೀಲರು, ಪ್ರೊಫೆಸರುಗಳ ಶೈಲಿ. ಇವರದ್ದು ಬೇರೆ. ದೊಡ್ಡ ದೊಡ್ಡ ಭ್ರೂಣದ ಫೋಟೋ, ಮೈಕು, ರಾಜಕಾರಣಿಗಳ ಮನೆ ಮುಂದೆ ಧರಣಿ. 2002ರಲ್ಲಿ ಕಾನೂನನ್ನು ಇನ್ನಷ್ಟು ಬಿಗಿ ಮಾಡುವ ಜನಮತಗಣನೆ ಬಂದಾಗ ಚರ್ಚೂ ಪ್ರೊ ಲೈಫ್ ಕ್ಯಾಂಪೇನೂ ಹೂಂ ಅಂದರೆ, ಇದು ಸಾಲದು ಅಂತ ಯೂತ್ ಡಿಫೆನ್ಸ್ ಊಹೂಂ ಅಂದಿತು. ಅದು ಶೇಕಡಾ ಒಂದಕ್ಕೂ ಕಡಿಮೆ ಅಂತರದಲ್ಲಿ ಬಿದ್ದುಹೋಯಿತು. ಅಷ್ಟು ಹಟಮಾರಿಗಳು.

ಇನ್ನು ಹೆಸರುಗಳ ಕಥೆ. ಲೈಫ್ ಇನ್‌ಸ್ಟಿಟ್ಯೂಟ್ ಅಂತ ಒಂದಿದೆ. 2008 ಮತ್ತು 2009ರಲ್ಲಿ ಯುರೋಪಿನ ಲಿಸ್ಬನ್ ಒಪ್ಪಂದದ ವಿರುದ್ಧ ಪೋಸ್ಟರ್ ಹಚ್ಚಿದ 'ಕೋರ್' ಅನ್ನುವ ಗುಂಪು ಬಂತು. ಅದರ ಆಫೀಸು ಡಬ್ಲಿನ್ನಿನ ಕೇಪಲ್ ಸ್ಟ್ರೀಟಿನಲ್ಲಿ, ಯೂತ್ ಡಿಫೆನ್ಸ್ ಇದ್ದ ವಿಳಾಸದಲ್ಲೇ. ಆಮೇಲೆ 'ಸೇವ್ ದಿ ಏಯ್ತ್' ಬಂತು. ಯೂತ್ ಡಿಫೆನ್ಸಿನ ಮೊದಲ ದಿನಗಳಿಂದ ಇದ್ದ ನೀವ್ ಇ ವ್ರಿಯನ್ ಲೈಫ್ ಇನ್‌ಸ್ಟಿಟ್ಯೂಟಿನಲ್ಲೂ ಇದ್ದರು, ಸೇವ್ ದಿ ಏಯ್ತ್‌ನಲ್ಲೂ ಇದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸರ್ವರ್ ಒಂದೇ, ಡೊಮೇನ್ ಹೆಸರು ನಾಲ್ಕು :-) ಇದು ಅಪರಾಧ ಏನಲ್ಲ. ನಮ್ಮಲ್ಲೂ ಒಂದೇ ಕಟ್ಟಡದ ಬಾಗಿಲಿಗೆ ಐದು ಟ್ರಸ್ಟಿನ ಬೋರ್ಡು ಇರತ್ತೆ. ಆದರೆ ದುಡ್ಡು ಯಾವ ಬಾಗಿಲಿಂದ ಬಂದು ಯಾವ ಬಾಗಿಲಿಂದ ಹೋಯಿತು ಅಂತ ಹೊರಗಿನವನಿಗೆ ತಿಳಿಯೋದು ಕಷ್ಟವಾಗತ್ತೆ.

2012ರ ಬೇಸಿಗೆಯಲ್ಲಿ ಯೂತ್ ಡಿಫೆನ್ಸ್ ದೇಶದ ತುಂಬ ಬಿಲ್‌ಬೋರ್ಡ್ ಹಾಕಿಸಿತು. ಮಧ್ಯಕ್ಕೆ ಹರಿದ ಚಿತ್ರ, ಗರ್ಭಪಾತ ಹೆಣ್ಣಿನ ಬದುಕನ್ನು ಹರಿದುಹಾಕುತ್ತದೆ ಅನ್ನುವ ಸಾಲು. ಬಸ್ ಸ್ಟಾಪಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಎಲ್ಲಿ ನೋಡಿದರೂ. ಗರ್ಭಪಾತ ಮಾಡಿಸಿಕೊಂಡು ಬಂದ ಹೆಂಗಸರು ದಿನಾ ಅದನ್ನು ದಾಟಿ ಕೆಲಸಕ್ಕೆ ಹೋಗಬೇಕು. ಅವರಲ್ಲಿ ಎಷ್ಟೋ ಮಂದಿ ದೂರು ಕೊಟ್ಟರು. ಜಾಹೀರಾತು ನೋಡಿಕೊಳ್ಳುವ ಸಂಸ್ಥೆಯ ನಿಯಮಗಳೇನಿದ್ದರೂ ಸಾಮಾನು ಮಾರುವ ಜಾಹೀರಾತಿಗೆ, ಅಭಿಪ್ರಾಯ ಮಾರುವುದಕ್ಕಲ್ಲ. ಸವಿತಾ ಅದೇ ಬೇಸಿಗೆಯಲ್ಲಿ ಬಸುರಾದರು.

ಐರ್ಲೆಂಡಿನಲ್ಲಿ ಟಿವಿ, ರೇಡಿಯೋದಲ್ಲಿ ರಾಜಕೀಯ ಜಾಹೀರಾತು ನಿಷಿದ್ಧ. ಅದಕ್ಕೇ ಎಲ್ಲರೂ ಗೋಡೆಗೆ, ಕಂಬಕ್ಕೆ, ಆಮೇಲೆ ಫೇಸ್‌ಬುಕ್ಕಿಗೆ ಹೋದದ್ದು. ಇನ್ನೊಂದು ವಿಷಯ ನನಗೆ ಹೊಸದು. 1995ರಲ್ಲಿ ವಿಚ್ಛೇದನದ ಜನಮತಗಣನೆಗೆ ಅಲ್ಲಿನ ಸರ್ಕಾರ ಜನರ ದುಡ್ಡಿನಲ್ಲಿ ಐದು ಲಕ್ಷ ಪೌಂಡ್ ಎತ್ತಿಟ್ಟು 'ಹೌದು' ಅಂತ ಪ್ರಚಾರ ಮಾಡಿತು. ಪೆಟ್ರೀಷಿಯಾ ಮೆಕೆನಾ ಅನ್ನುವ ಗ್ರೀನ್ ಪಕ್ಷದ ರಾಜಕಾರಣಿ ಕೋರ್ಟಿಗೆ ಹೋದರು. ಜನಮತಗಣನೆಯಲ್ಲಿ ಒಂದು ಕಡೆಗೆ ಮಾತ್ರ ಸರ್ಕಾರಿ ದುಡ್ಡು ಸುರಿಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಚೆನ್ನಾಗಿದೆ ತೀರ್ಪು. ಆದರೆ ಅದರ ಫಲ ನೋಡಿ: ಸರ್ಕಾರ ಹಿಂದೆ ಸರಿದರೆ ಪ್ರಚಾರದ ಭಾರ ಪೂರ್ತಿ ಖಾಸಗಿ ಗುಂಪುಗಳ ಮೇಲೆ, ಅಂದರೆ ಖಾಸಗಿ ದೇಣಿಗೆಯ ಮೇಲೆ. ಸಂವಿಧಾನ ತಿದ್ದುವ ಮಾತು ಊರೂರಿಗೆ ತಲುಪುವುದು ಆ ದುಡ್ಡಿನಲ್ಲಿ. ಅಂಥ ದುಡ್ಡಿನ ಮೇಲೆ ಕಣ್ಣಿಡಬೇಕಾ ಬೇಡವಾ?

ಕಣ್ಣಿಡೋದಕ್ಕೆ ಒಂದು ಕಮಿಷನ್ ಇತ್ತು, ಎಲ್ಲರೂ ಸಿಪೋ ಅನ್ನುತ್ತಾರೆ. ನಿಯಮ ಕಾಗದದ ಮೇಲೆ ಬಲು ಕಟ್ಟುನಿಟ್ಟು. ರಾಜಕೀಯ ಉದ್ದೇಶಕ್ಕೆ 100 ಯೂರೋಗಿಂತ ಹೆಚ್ಚಿನ ಒಂದು ದೇಣಿಗೆ ಬಂದರೂ ಗುಂಪು ನೋಂದಣಿ ಮಾಡಿಸಬೇಕು. ಒಬ್ಬ ದಾನಿಯಿಂದ ವರ್ಷಕ್ಕೆ 2,500 ಯೂರೋ ಮೇಲೆ ಪಡೆಯುವಂತಿಲ್ಲ, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷದ ಸುತ್ತಮುತ್ತ. ವಿದೇಶಿ ದೇಣಿಗೆ ಪಡೆಯುವಂತಿಲ್ಲ, ಹೊರಗಿರುವ ಐರಿಷ್ ಪ್ರಜೆಗಳದ್ದು ಬಿಟ್ಟು. ಓದಿದಾಗ ಭಲೇ ಅನ್ನಿಸಿತು. ಆಮೇಲೆ ಕೆಳಗಿನ ಸಣ್ಣಕ್ಷರ ಓದಿದೆ. ನೋಂದಣಿ ಮಾಡಿಸಿಕೊಳ್ಳಬೇಕಾದದ್ದು ಗುಂಪೇ. ಪ್ರತ್ಯೇಕ ಖಾತೆ ಇಟ್ಟು, ವರ್ಷದ ಕೊನೆಗೆ ಎಲ್ಲ ಸರಿಯಿದೆ ಅಂತ ಬರೆದುಕೊಡಬೇಕಾದದ್ದೂ ಗುಂಪೇ. ಜನಮತಗಣನೆಗೆ ಎಷ್ಟು ಖರ್ಚು ಮಾಡಿದೆ ಅಂತ ಸಾರ್ವಜನಿಕರಿಗೆ ಹೇಳಬೇಕಾಗಿಲ್ಲ. ದಾನಿಗಳ ಪಟ್ಟಿ ಹೇಳಬೇಕಾಗಿಲ್ಲ. ಖರ್ಚಿಗೆ ಮಿತಿಯೂ ಇಲ್ಲ. ಯೂಸರ್ ಕೊಟ್ಟದ್ದೆಲ್ಲ ಸರಿ ಅಂತ ನಂಬಿ ಬರೆದ ಕೋಡ್ ಇದು. ನಮ್ಮ ಟೀಮಿನಲ್ಲಿ ಹೊಸ ಹುಡುಗ ಹೀಗೆ ಬರೆದಿದ್ದರೆ ರಿವ್ಯೂದಲ್ಲಿ ವಾಪಸ್ ಕಳಿಸುತ್ತಿದ್ದೆ. ಸಿಪೋ ತಾನೇ ಈ ಕಾನೂನು ಸಾಲದು ಅಂತ ತನ್ನ ವರದಿಗಳಲ್ಲಿ ಮತ್ತೆ ಮತ್ತೆ ಬರೆದುಕೊಂಡಿತು, ಪಾಪ.

ಗರ್ಭಪಾತ ವಿರೋಧಿ ಗುಂಪುಗಳಿಗೆ ಅಮೆರಿಕದಿಂದ ದುಡ್ಡು ಬರತ್ತೆ ಅನ್ನೋ ಮಾತು ಡಬ್ಲಿನ್ನಿನಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಗುಂಪುಗಳು ಅದನ್ನು ಒಪ್ಪೋದಿಲ್ಲ, ನಮ್ಮದು ಐರ್ಲೆಂಡಿನ ಸಾಮಾನ್ಯ ಜನರ ಚಿಲ್ಲರೆ ದುಡ್ಡು ಅನ್ನುತ್ತವೆ. ಯಾರ ಮಾತು ನಿಜ? ನಾನು ಯಾರನ್ನೂ ಕಳ್ಳ ಅನ್ನಲಾರೆ, ಆಧಾರವಿಲ್ಲ. ಆ ಹೆಂಗಸಿನ ಮೇಜಿನ ಮೇಲಿದ್ದ ಡಬ್ಬಿಯಲ್ಲಿ ಬೀಳುತ್ತಿದ್ದದ್ದು ನಿಜವಾಗಿಯೂ ಒಂದೆರಡು ಯೂರೋ ನಾಣ್ಯಗಳೇ, ಕಣ್ಣಾರೆ ಕಂಡಿದ್ದೇನೆ. ಆದರೆ ಇಷ್ಟು ವರ್ಷ ನಾಣ್ಯದಲ್ಲೇ ಬಿಲ್‌ಬೋರ್ಡು ನಡೆದಿದ್ದರೆ ಅದು ಹೆಮ್ಮೆಯ ವಿಷಯ ಅಲ್ಲವಾ? ಲೆಕ್ಕ ಪ್ರಕಟಿಸಿ ಎದೆ ತಟ್ಟಿಕೊಳ್ಳಬಹುದಿತ್ತು. ನಾನು ಹುಡುಕಿದಷ್ಟೂ ದಾನಿಗಳ ಪಟ್ಟಿ ಕಣ್ಣಿಗೆ ಬೀಳಲಿಲ್ಲ.

ಈಗ ಇನ್ನೊಂದು ಕಡೆ. ನನ್ನ ಒಲವು ಯಾವ ಕಡೆ ಅಂತ ಇಷ್ಟೊತ್ತಿಗೆ ಗೊತ್ತಾಗಿರತ್ತೆ, ಅದಕ್ಕೇ ಇದನ್ನು ಬಿಡುವಂತಿಲ್ಲ. ಅಮೆರಿಕದ ಜಾರ್ಜ್ ಸೊರೋಸ್ ಸ್ಥಾಪಿಸಿದ ಓಪನ್ ಸೊಸೈಟಿ ಫೌಂಡೇಶನ್, ಎಂಟನೇ ತಿದ್ದುಪಡಿ ತೆಗೆಸಲು ಕೆಲಸ ಮಾಡುತ್ತಿದ್ದ ಐರಿಷ್ ಸಂಸ್ಥೆಗಳಿಗೆ ದುಡ್ಡು ಕೊಟ್ಟಿತ್ತು. 2016ರಲ್ಲಿ ಸೋರಿಕೆಯಾದ ಕಡತಗಳಿಂದ ಅವರ ಯೋಜನೆ ಹೊರಬಿತ್ತು. ಅಬಾರ್ಷನ್ ರೈಟ್ಸ್ ಕ್ಯಾಂಪೇನ್ ತನಗೆ ಬಂದಿದ್ದ 25,000 ಡಾಲರನ್ನು ವಾಪಸ್ ಕೊಟ್ಟಿತು. ಅಮ್ನೆಸ್ಟಿಯ ಐರಿಷ್ ಶಾಖೆಗೆ ಬಂದಿದ್ದು 1,37,000 ಯೂರೋ. ವಾಪಸ್ ಕೊಡಿ ಅಂತ 2017ರಲ್ಲಿ ಸಿಪೋ ಹೇಳಿತು. ಇದು ಮಾನವ ಹಕ್ಕಿನ ಕೆಲಸ, ರಾಜಕೀಯ ಅಲ್ಲ, ಕೊಡಲ್ಲ ಅಂದರು. ಹೈಕೋರ್ಟಿಗೆ ಹೋದ ಮೇಲೆ, ತನ್ನ ಕ್ರಮದಲ್ಲಿ ಲೋಪವಿತ್ತು ಅಂತ ಸಿಪೋ ಒಪ್ಪಿಕೊಂಡು 2018ರ ಜುಲೈನಲ್ಲಿ ಆ ಆದೇಶ ರದ್ದಾಯಿತು. ಅಷ್ಟರಲ್ಲಿ ಜನಮತಗಣನೆ ಮುಗಿದು ಎರಡು ತಿಂಗಳಾಗಿತ್ತು.

ಗರ್ಭಪಾತ ವಿರೋಧಿಗಳು ಈ ಸೊರೋಸ್ ದುಡ್ಡಿನ ವಿಷಯವನ್ನು ಚೆನ್ನಾಗಿ ಬಾರಿಸಿದರು. ಬಾರಿಸಬೇಕಾದದ್ದೇ! ರಾಜಕೀಯ ಅನ್ನುವ ಪದಕ್ಕೆ ಅಲ್ಲಿನ ಕಾನೂನು ಕೊಟ್ಟ ಅರ್ಥ ತೀರಾ ಅಗಲವಾಗಿತ್ತು ಅನ್ನೋದು ನಿಜ, ಅಮ್ನೆಸ್ಟಿಯ ವಾದದಲ್ಲಿ ಹುರುಳಿದೆ. ಆದರೆ ನನಗೆ ಮರ್ಯಾದೆ ಅನ್ನಿಸಿದ್ದು ವಾಪಸ್ ಕೊಟ್ಟವರ ಮೇಲೆ. ಇಲ್ಲಿ ನನ್ನ ತಕರಾರು ಬೇರೆ. ಕಡತ ಸೋರದೇ ಇದ್ದಿದ್ದರೆ ಆ ಯೋಜನೆ ಯಾರಿಗೆ ಗೊತ್ತಾಗುತ್ತಿತ್ತು? ಎದುರಾಳಿಯ ದುಡ್ಡಿನ ಬಗ್ಗೆ ಅಷ್ಟು ಜೋರಾಗಿ ಕೂಗಿದವರು ತಮ್ಮ ಪುಸ್ತಕವನ್ನು ಅದೇ ವೇದಿಕೆಯಲ್ಲಿ ತೆರೆದಿದ್ದರೆ ಅವರ ಮಾತಿಗೆ ಎಷ್ಟು ತೂಕ ಬರ್ತಿತ್ತು!

2018ರ ಮೇ 25ರ ಜನಮತಗಣನೆಯಲ್ಲಿ ನಮ್ಮ ಕಸುಬಿನವರೂ ಬಂದರು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೇವ್ ದಿ ಏಯ್ತ್‌ನವರು ಕ್ಯಾಂಟೋ ಅನ್ನುವ ಲಂಡನ್ ಕಂಪನಿಯನ್ನು ಗೊತ್ತುಮಾಡಿಕೊಂಡರು. ಅದರ ಥಾಮಸ್ ಬಾರ್ವಿಕ್ 2016ರ ಬ್ರೆಕ್ಸಿಟ್ ಪ್ರಚಾರದಲ್ಲಿ ವೋಟ್ ಲೀವ್ ತಂಡದ ತಂತ್ರಜ್ಞಾನ ಮುಖ್ಯಸ್ಥ. ಕಂಬಕ್ಕೆ ಹಚ್ಚಿದ ಪೋಸ್ಟರ್ ಎಲ್ಲರಿಗೂ ಕಾಣತ್ತೆ. ಇಂಗ್ಲೆಂಡಿನಲ್ಲಿ ಐದು ಮಕ್ಕಳಲ್ಲಿ ಒಂದು ಗರ್ಭಪಾತಕ್ಕೆ ಬಲಿ ಅಂತ ಬರೆದ ಪೋಸ್ಟರನ್ನು ಪತ್ರಿಕೆಯವರು ಹಿಡಿದು ಜಾಲಾಡಬಹುದು. ಫೇಸ್‌ಬುಕ್ ಜಾಹೀರಾತು ಹಾಗಲ್ಲ. ಇಪ್ಪತ್ತೈದರ ಹುಡುಗಿಗೆ ಒಂದು, ಅವಳ ಅಮ್ಮನಿಗೆ ಇನ್ನೊಂದು. ಕೊಟ್ಟವನು ಯಾರು, ಎಷ್ಟು ಕೊಟ್ಟ, ಯಾವ ದೇಶದಿಂದ, ಒಂದೂ ಗೊತ್ತಾಗಲ್ಲ. ಆಗ ಕೆಲವು ಸ್ವಯಂಸೇವಕರು ಟ್ರಾನ್ಸ್‌ಪರೆಂಟ್ ರೆಫರೆಂಡಮ್ ಇನಿಶಿಯೇಟಿವ್ ಅಂತ ಕಟ್ಟಿಕೊಂಡು, ಜನರ ಬ್ರೌಸರಿಗೆ ಒಂದು ಪುಟ್ಟ ಪ್ಲಗಿನ್ ಹಾಕಿಸಿ, ಯಾರಿಗೆ ಯಾವ ಜಾಹೀರಾತು ಕಾಣುತ್ತಿದೆ ಅಂತ ಒಂದೊಂದಾಗಿ ಕಲೆಹಾಕಿದರು. ಅಮೆರಿಕದ ಗುಂಪುಗಳು ಕೊಟ್ಟ ಜಾಹೀರಾತುಗಳೂ ಸಿಕ್ಕವು. ಸರ್ಕಾರ ಮಾಡಬೇಕಿದ್ದ ಕೆಲಸವನ್ನು ಒಂದು ಪ್ಲಗಿನ್ ಮಾಡಿತು. ಇದನ್ನು ಓದಿದ ದಿನ ನನಗೆ ನಮ್ಮ ಕಸುಬಿನ ಮೇಲೆ ಸ್ವಲ್ಪ ಪ್ರೀತಿ ಬಂತು, ಅಪರೂಪಕ್ಕೆ.

ಮೇ 8ಕ್ಕೆ ಫೇಸ್‌ಬುಕ್ ಹೊರದೇಶದ ಜಾಹೀರಾತುಗಳನ್ನು ತಡೆಯಿತು. ಮರುದಿನ ಗೂಗಲ್ ಜನಮತಗಣನೆಯ ಎಲ್ಲ ಜಾಹೀರಾತುಗಳನ್ನೂ ನಿಲ್ಲಿಸುವುದಾಗಿ ಹೇಳಿತು, ದೇಶದೊಳಗಿನದ್ದನ್ನೂ ಸೇರಿಸಿ. ಗರ್ಭಪಾತ ವಿರೋಧಿಗಳು ಕೆರಳಿದರು: ಪತ್ರಿಕೆಗಳೆಲ್ಲ ನಮ್ಮ ವಿರುದ್ಧ, ಜನರನ್ನು ತಲುಪಲು ಇದ್ದ ಒಂದೇ ದಾರಿಯನ್ನೂ ಮುಚ್ಚಿದರು ಅಂತ. ಅವರ ಈ ಸಿಟ್ಟು ನನಗೆ ಅರ್ಥವಾಗತ್ತೆ. ಮತದಾನಕ್ಕೆ ಎರಡು ವಾರ ಇರುವಾಗ ಆಟದ ನಿಯಮ ಬದಲಾಯಿಸಿದ್ದು ಐರ್ಲೆಂಡಿನ ಸಂಸತ್ತಲ್ಲ, ಕ್ಯಾಲಿಫೋರ್ನಿಯಾದ ಕಂಪನಿ. ಇವತ್ತು ಅವರಿಗೆ, ನಾಳೆ ಇನ್ನೊಬ್ಬರಿಗೆ.

ಅದೇ ಹೊತ್ತಿಗೆ 'ಟುಗೆದರ್ ಫಾರ್ ಯೆಸ್' ಪೋಸ್ಟರಿಗೆ ಅಂತ 50,000 ಯೂರೋ ಬೇಕು ಅಂತ ಆನ್‌ಲೈನಿನಲ್ಲಿ ಜೋಳಿಗೆ ಹಿಡಿದರೆ ಕೆಲವೇ ದಿನದಲ್ಲಿ ಐದು ಲಕ್ಷ ದಾಟಿತು. ಹಾಗಾಗಿ ದುಡ್ಡಿದ್ದವರು ಗೆದ್ದರು ಅಂತಲೂ, ದುಡ್ಡೇ ಸೋಲಿಸಿತು ಅಂತಲೂ ಸುಲಭವಾಗಿ ಹೇಳೋ ಹಾಗಿಲ್ಲ. ಬಂದ ಫಲಿತಾಂಶ, ತಿದ್ದುಪಡಿ ತೆಗೆಯಲು ಶೇಕಡಾ 66.4. 1983ರಲ್ಲಿ ಸೇರಿಸಲು 66.9 ಇತ್ತಲ್ಲ, ಹೆಚ್ಚುಕಡಿಮೆ ಅಷ್ಟೇ ಜನ, ತಿರುವುಮುರುವು. ವಿರೋಧವಾಗಿ ಉಳಿದ ಕ್ಷೇತ್ರ ಡಾನೆಗಾಲ್ ಒಂದೇ. ಮತಗಟ್ಟೆ ಸಮೀಕ್ಷೆಯಲ್ಲಿ ಮುಕ್ಕಾಲು ಪಾಲು ಜನ, ನಮ್ಮ ನಿರ್ಧಾರ ಮೊದಲೇ ಆಗಿತ್ತು ಅಂದರಂತೆ. ಮತದಾನಕ್ಕೆ ಮುಂಚೆ ಬೆಳಗಾವಿಯಿಂದ ಸವಿತಾ ಅವರ ತಂದೆ, ನನ್ನ ಮಗಳನ್ನು ನೆನಪಿಟ್ಟುಕೊಂಡು ಓಟು ಹಾಕಿ ಅಂತ ಐರಿಷ್ ಜನರನ್ನು ಕೇಳಿಕೊಂಡಿದ್ದರು. ಡಬ್ಲಿನ್ನಿನಲ್ಲಿ ಗೋಡೆಯ ಮೇಲೆ ಬರೆದ ಸವಿತಾ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಹೋದರು, ಕ್ಷಮಿಸು ಅಂತ.

ಸವಿತಾ ಸತ್ತಿದ್ದು ಕಾನೂನಿನಿಂದಲ್ಲ, ಸೋಂಕನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ ಅಂತ ಗರ್ಭಪಾತ ವಿರೋಧಿ ಗುಂಪುಗಳು ಮೊದಲಿಂದಲೂ ಹೇಳುತ್ತವೆ. ಅರ್ಧ ಸತ್ಯ. ಪ್ರೊಫೆಸರ್ ಅರುಳ್‌ಕುಮಾರನ್ ನೇತೃತ್ವದ 2013ರ ವರದಿ ಆರೈಕೆಯ ಲೋಪಗಳನ್ನು ಸಾಲುಸಾಲಾಗಿ ಬರೆದಿದೆ. ಆದರೆ ಅದೇ ಪ್ರೊಫೆಸರ್ 2017ರಲ್ಲಿ ಸಂಸದೀಯ ಸಮಿತಿಯ ಮುಂದೆ, ಎಂಟನೇ ತಿದ್ದುಪಡಿಯ ಪಾತ್ರ ದೊಡ್ಡದಿತ್ತು ಅಂತಲೂ ಹೇಳಿದರು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಪ್ರಚಾರ.

ಹಾಗಂತ ಆ ಗುಂಪಿನವರೆಲ್ಲ ಕೆಟ್ಟವರು ಅಂತ ನಾನು ಬರೆಯಲಾರೆ. ಹೊಟ್ಟೆಯೊಳಗಿನದ್ದು ಹೆಣ್ಣು ಅಂತ ಸ್ಕ್ಯಾನಿನಲ್ಲಿ ನೋಡಿ ತೆಗೆಸಿದವರ ನಾಡಿನಿಂದ ಬಂದವನು ನಾನು. ಅದನ್ನು ತಡೆಯೋಕೆ ನಮ್ಮಲ್ಲಿ 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಹುಟ್ಟದ ಮಗುವಿನ ಪರವಾಗಿ ಯಾರೋ ಮಾತಾಡಬೇಕು ಅನ್ನುವ ಭಾವನೆಯನ್ನು ನಾನು ನಗಲಾರೆ. 2019ರಲ್ಲಿ ಹೊಸ ಕಾನೂನು ಜಾರಿಯಾದ ಮೊದಲ ವರ್ಷ ಐರ್ಲೆಂಡಿನಲ್ಲಿ 6,666 ಗರ್ಭಪಾತ ಆದರೆ 2023ರಲ್ಲಿ 10,033. ಆ ಹೆಂಗಸಿಗೆ ಈ ಅಂಕಿಗಳು ನಿಜವಾಗಿಯೂ ನೋವು ಕೊಡುತ್ತಿದ್ದವು, ನಾಟಕ ಇರಲಿಲ್ಲ.

2023ರಲ್ಲಿ ಐರ್ಲೆಂಡಿಗೆ ಹೊಸ ಚುನಾವಣಾ ಆಯೋಗ ಬಂತು. 2024ರಲ್ಲಿ ಆಸ್ಪತ್ರೆ, ಕ್ಲಿನಿಕ್ಕುಗಳ ಸುತ್ತ ನೂರು ಮೀಟರಿನೊಳಗೆ ಇಂಥ ಧರಣಿ, ಕರಪತ್ರ ಕೂಡದು ಅನ್ನುವ ಕಾನೂನೂ ಬಂತು. ಓ'ಕಾನೆಲ್ ಸ್ಟ್ರೀಟಿನಲ್ಲಿ ಮೇಜು ಹಾಕಬಹುದು, ಹಾಕಲಿ. ನನಗೆ ಬೇಕಿರುವುದು ಇಷ್ಟೇ: ಸಂವಿಧಾನ ತಿದ್ದಿ, ಬಿಡಿ ಅಂತ ಕೇಳುವ ಯಾವುದೇ ಗುಂಪು, ಈ ಕಡೆಯದೋ ಆ ಕಡೆಯದೋ, ಇಂತಿಷ್ಟಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನೂ ಒಟ್ಟು ಖರ್ಚನ್ನೂ ಮತದಾನಕ್ಕೆ ಮುಂಚೆ ಹೇಳಬೇಕು. ಮುಗಿದ ಮೇಲಲ್ಲ, ಮುಂಚೆ. ನಾಣ್ಯ ಹಾಕಿದವರ ಹೆಸರು ಯಾರಿಗೂ ಬೇಡ.

ಡಬ್ಲಿನ್ ಬಿಡುವ ವಾರ ಮತ್ತೆ ಆ ಮೇಜಿನ ಹತ್ತಿರ ಹೋಗಿದ್ದೆ. ಅದೇ ಹೆಂಗಸು. ನಿಮ್ಮ ಲೆಕ್ಕಪತ್ರ ಎಲ್ಲಿ ನೋಡಬಹುದು ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ ಅನ್ನುವ ಹಾಗೆ ನಕ್ಕು, ಆಫೀಸಿನವರಿಗೆ ಗೊತ್ತಿರತ್ತೆ ಮಗಾ ಅಂದಳು. ಈ ಸಲ ಎಲ್ಲಿಯವನು ಅಂತ ನಾನೇ ಹೇಳಿದೆ, ಬೆಳಗಾವಿಯ ಹೆಸರನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಗೋಸ್ಕರ ನಾನೂ ಪ್ರಾರ್ಥನೆ ಮಾಡಿದ್ದೆ ಅಂದಳು. ಏನು ಹೇಳಬೇಕೋ ತಿಳಿಯಲಿಲ್ಲ. ಥ್ಯಾಂಕ್ಸ್ ಅಂದು ಬಸ್ಸು ಹತ್ತಿದೆ.

ಐರ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದ್ತಿದ್ದರೆ, ತಪ್ಪು ಬರೆದಿದ್ದರೆ ತಿದ್ದಿ. ಫಾರ್ಮು ಇನ್ನೂ ನನ್ನ ಬ್ಯಾಗಿನಲ್ಲೇ ಇದೆ, ಖಾಲಿ.